ಭದ್ರಾವತಿ–ಶಿವಮೊಗ್ಗ: ಪಾಸಿನವರ ರೈಲುದಾರಿ

ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಗಳಿಗೆ ಭದ್ರಾವತಿ ಹೊರಗಿನ ಊರಲ್ಲ. ಕೆಲಸಕ್ಕೆ, ಓದಿಗೆ, ಮದುವೆ ಜವಳಿಗೆ ಅಲ್ಲಿಂದ ಇಲ್ಲಿಗೆ ಜನ ಬರುತ್ತಲೇ ಇರುತ್ತಾರೆ. ನಡುವಿನ ಅಂತರ ಸುಮಾರು 20 ಕಿ.ಮೀ. ಬಿ.ಎಚ್. ರಸ್ತೆಯ ಬಸ್ಸು ಎಲ್ಲರಿಗೂ ಗೊತ್ತು. ಅದಕ್ಕೂ ಹಳೆಯ ಗೆಳೆತನ ರೈಲಿನದು.

ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್ ಗೇಜ್ ರೈಲು ಬಂದದ್ದು 1899ರಲ್ಲಿ. ಆಗ ಭದ್ರಾವತಿ ಇನ್ನೂ ಬೆಂಕಿಪುರ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ಅದರ ಕುಲುಮೆ ಸೇರಿದವು. 1936ರಲ್ಲಿ ಕಾಗದ ಕಾರ್ಖಾನೆಯೂ ಸ್ಥಾಪನೆಯಾಯಿತು. ಶಿಫ್ಟಿನ ಲೆಕ್ಕದಲ್ಲಿ ಬದುಕುವ ಊರೊಂದು ಹಳಿಯ ಪಕ್ಕದಲ್ಲೇ ಬೆಳೆಯಿತು. 1940ರ ಹೊತ್ತಿಗೆ ಹಳಿ ತಾಳಗುಪ್ಪ ಮುಟ್ಟಿತು.

ದಿನವೂ ಓಡಾಡುವವರಿಗೆ ರೈಲು ಎಂದರೆ ಸೀಸನ್ ಟಿಕೆಟ್, ಎಲ್ಲರ ಬಾಯಲ್ಲಿ ‘ಪಾಸು’. ಒಮ್ಮೆ ದುಡ್ಡು ಕಟ್ಟಿದರೆ ತಿಂಗಳು ಅಥವಾ ಮೂರು ತಿಂಗಳು ಕೌಂಟರಿನ ಸಾಲು ತಪ್ಪುತ್ತದೆ. 150 ಕಿ.ಮೀ. ಒಳಗಿನ ಪ್ರಯಾಣಕ್ಕಷ್ಟೇ ಇದು ಸಿಗುವುದರಿಂದ ಶಿವಮೊಗ್ಗದವರಿಗೆ ಭದ್ರಾವತಿ, ತರೀಕೆರೆ, ಬೀರೂರು, ಅರಸೀಕೆರೆಗೆ ಪಾಸು ಉಂಟು, ಬೆಂಗಳೂರಿಗೆ ಇಲ್ಲ. ಭದ್ರಾವತಿಯಿಂದ ಹೊರಟ ರೈಲು ಬಿದರೆ ದಾಟಿ, ತುಂಗೆಯ ಸೇತುವೆ ಹಾದು, ಶಿವಮೊಗ್ಗ ಟೌನ್ ನಿಲ್ದಾಣ ಸೇರುತ್ತದೆ.

ಇಂಥ ಗಿಡ್ಡ ಪ್ರಯಾಣವನ್ನೇ ನಂಬಿ ಊರು ಕಟ್ಟಿದವರು ಜಪಾನಿನವರು. 1910ರಲ್ಲಿ ಕೊಬಯಾಶಿ ಇಚಿಜೊ ಎಂಬ ಉದ್ಯಮಿಯ ಕಂಪನಿ ಒಸಾಕಾದ ಉಮೇದಾದಿಂದ ತಕರಾಜುಕಾ ಕಡೆಗೆ ರೈಲು ಓಡಿಸಿತು. ಜನವೇ ಇಲ್ಲದ ಕಡೆಗೆ ಯಾರು ರೈಲು ಹತ್ತುತ್ತಾರೆ? ಅದಕ್ಕೆಂದೇ ಹಳಿಯ ಪಕ್ಕದ ಇಕೆದಾದಲ್ಲಿ ಮನೆಗಳನ್ನು ಕಟ್ಟಿಸಿ ಕಂತಿನ ಮೇಲೆ ಮಾರಿದರು. 1929ರಲ್ಲಿ ಉಮೇದಾ ನಿಲ್ದಾಣದಲ್ಲೇ ಅದೇ ಕಂಪನಿಯ ಹಾಂಕ್ಯೂ ಎಂಬ ದೊಡ್ಡ ಮಳಿಗೆ ತೆರೆಯಿತು. ಮನೆ ಒಂದು ತುದಿಗೆ, ಪೇಟೆ ಇನ್ನೊಂದು ತುದಿಗೆ. ನಡುವೆ ಬೆಳಿಗ್ಗೆ ಸಂಜೆ ತುಂಬಿ ಹೋಗುವ ರೈಲು. ಅಲ್ಲಿನ ಉಪನಗರಗಳ ಬದುಕು ಬೆಳೆದದ್ದೇ ಈ ಲೆಕ್ಕದಲ್ಲಿ.

ನಮ್ಮಲ್ಲಿ ಕೊಬಯಾಶಿ ಹುಡುಕಿದ ಎರಡೂ ತುದಿಗಳು ಆಗಲೇ ಇವೆ. ಭದ್ರಾವತಿಯ ಕಾರ್ಖಾನೆಗಳು ಸೊರಗಿದ ಮೇಲಂತೂ ಅಲ್ಲಿನ ಹುಡುಗ ಹುಡುಗಿಯರಿಗೆ ಶಿವಮೊಗ್ಗದ ಕಾಲೇಜು, ಆಸ್ಪತ್ರೆ, ಅಂಗಡಿಗಳ ಕೆಲಸ ಇನ್ನಷ್ಟು ಹತ್ತಿರವಾಗಬೇಕಾಗಿದೆ. ಆದರೆ ಈ ಹಾದಿಯ ಬಹುಪಾಲು ರೈಲುಗಳ ಹೊತ್ತು ನಿಗದಿಯಾಗುವುದು ಬೆಂಗಳೂರು, ಮೈಸೂರಿನ ಅನುಕೂಲಕ್ಕೆ. ಒಂಟಿ ಹಳಿಯಾದ್ದರಿಂದ ಎದುರಿನ ಗಾಡಿಗೆ ಕ್ರಾಸಿಂಗ್ ಕಾಯುವ ತಾಪತ್ರಯವೂ ಸೇರುತ್ತದೆ.

ಕ್ರಾಸಿಂಗಿಗೆ ಹೊಂದಿಸಿ ಬೀರೂರು–ಸಾಗರದ ನಡುವೆ ನಾಲ್ಕಾರು ಬೋಗಿಯ ರೈಲೊಂದನ್ನು ಅಂಗಡಿ, ಕಚೇರಿ, ಕಾಲೇಜಿನ ಹೊತ್ತಿಗೆ ಓಡಿಸಿದರೆ, ತಿಂಗಳ ಸಂಬಳದಲ್ಲಿ ಬಸ್ಸಿಗೆ ಹೋಗುವ ದುಡ್ಡಿನ ದೊಡ್ಡ ಪಾಲು ಮನೆಯಲ್ಲೇ ಉಳಿಯುತ್ತದೆ. ಮುಂದಿನ ವೇಳಾಪಟ್ಟಿ ಬರೆಯುವವರು ಈ ಪಾಸಿನವರನ್ನು ಮೊದಲು ನೆನೆಯಲಿ.