ರೋಗದಲ್ಲಿಯೂ ಜೊತೆಯಾಗಿ: ವಾರಕ್ಕೆ ಮೂರು ಡಯಾಲಿಸಿಸ್‌ಗಳ ನಡುವೆ ದಾಂಪತ್ಯ



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳಲ್ಲಿ ರೋಗದ ಹೆಸರು, ಆಸ್ಪತ್ರೆ, ಬೇಕಾದ ಮೊತ್ತ ಎಲ್ಲ ಇರುತ್ತವೆ. ರೋಗಿಯ ಗಂಡನೋ ಹೆಂಡತಿಯೋ ಹೇಗಿದ್ದಾರೆ ಎಂದು ಕೇಳುವ ಕಾಲಂ ಮಾತ್ರ ಇಲ್ಲ. ನನ್ನ ಹೆಂಡತಿಯ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿ ಆರು ವರ್ಷಗಳಾದವು. ನಿಧಿಯಿಂದ ನೆರವು ಪಡೆದ ಮುಂಬೈಯ ಕುಟುಂಬಗಳಲ್ಲಿ ನಮ್ಮದೂ ಒಂದು. ಇಂಥ ದೀರ್ಘ ಕಾಯಿಲೆಯ ನಡುವೆ ಕ್ರೈಸ್ತ ದಾಂಪತ್ಯವೊಂದು ಹೇಗೆ ಉಳಿದುಕೊಳ್ಳುತ್ತದೆ ಎಂದು ಬರೆಯಲು ಸಂಪಾದಕರು ಕೇಳಿದ್ದಾರೆ. ಸದಸ್ಯರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ ಎಂದು ಬಲ್ಲೆ. ಆದರೂ ಇಲ್ಲಿನ ಬಹುಪಾಲು ಮಾತು ಎಲ್ಲರ ಮನೆಗೂ ಸಲ್ಲುತ್ತದೆ.

ಸಾಕ್ಷಿಗಳ ಮುಂದೆ ಕೊಟ್ಟ ಮಾತು

ನಮ್ಮದು ಧಾರವಾಡದ ಕಡೆಯ, ಬಾಸೆಲ್ ಮಿಷನ್ ಪರಂಪರೆಯ ಕುಟುಂಬ. ಆರೋಗ್ಯವಿರಲಿ, ರೋಗವಿರಲಿ, ಸಾಯುವ ತನಕ ಒಬ್ಬರನ್ನೊಬ್ಬರು ಬಿಡುವುದಿಲ್ಲವೆಂದು ನಮ್ಮಲ್ಲಿ ವಧೂವರರು ಮಾತು ಕೊಡುತ್ತಾರೆ. ಇದಕ್ಕೆ ಒಡಂಬಡಿಕೆ ಎನ್ನುತ್ತೇವೆ. ಕರಾರಾದರೆ ಒಬ್ಬರು ತಮ್ಮ ಪಾಲಿನದನ್ನು ನಡೆಸಲಾಗದಾಗ ಇನ್ನೊಬ್ಬರು ಬಿಡುಗಡೆ ಕೇಳಬಹುದು. ಒಡಂಬಡಿಕೆಯಲ್ಲಿ ಒಬ್ಬರ ಶಕ್ತಿ ಕುಂದಿದಾಗಲೇ ಕೊಟ್ಟ ಮಾತಿಗೆ ಬೆಲೆ.

ಸಪ್ತಪದಿಗೆ ಅಗ್ನಿ ಸಾಕ್ಷಿಯಾದಂತೆ ನಮ್ಮಲ್ಲಿ ಸಭೆ ಸಾಕ್ಷಿ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯೂ ಕನಿಷ್ಠ ಇಬ್ಬರು ಸಾಕ್ಷಿಗಳನ್ನು ಕೇಳುತ್ತದೆ. ಆ ಸಾಕ್ಷಿಗಳ ಕೆಲಸ ಮದುವೆ ಊಟಕ್ಕೇ ಮುಗಿಯುವುದಿಲ್ಲ ಎಂಬುದು ಈ ಆರು ವರ್ಷಗಳಲ್ಲಿ ನನಗೆ ಮನದಟ್ಟಾಗಿದೆ. ಇಂಥ ಮಾತನ್ನು ಇಬ್ಬರೇ ಹೊತ್ತು ನಡೆಸುವುದು ಬಹಳ ಕಷ್ಟ.

ರೋಗ ತಿನ್ನುವ ಸಮಯ

ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ವರ್ಷಕ್ಕೆ 156 ಸಲ, 624 ಗಂಟೆ. ಹೋಗಿಬರುವ ದಾರಿ, ಸರದಿಗೆ ಕಾಯುವುದು, ಆಮೇಲಿನ ಸುಸ್ತು ಬೇರೆ. ಹಬ್ಬವಿರಲಿ, ಮಳೆಗೆ ಲೋಕಲ್ ನಿಂತಿರಲಿ, ತಪ್ಪಿಸುವಂತಿಲ್ಲ. ತಪ್ಪಿದರೆ ದೇಹದಲ್ಲಿ ನೀರೂ ಪೊಟ್ಯಾಷಿಯಂ ಕೂಡ ಏರಿ ಜೀವಕ್ಕೇ ಅಪಾಯ.

ನನ್ನ ಹೆಂಡತಿಗೆ ವೈದ್ಯರು ದಿನಕ್ಕೆ ಒಂದು ಲೀಟರ್ ದ್ರವ ನಿಗದಿ ಮಾಡಿದ್ದಾರೆ. ಚಹಾ, ಸಾರು, ಮಜ್ಜಿಗೆ ಎಲ್ಲ ಅದರೊಳಗೇ. ಇಂಥ ಮನೆಯಲ್ಲಿ ಗಂಡನಾದವನು ಕಾವಲುಗಾರನಾಗಿಬಿಡುವುದು ಸುಲಭ. ನಾವು ಅದಕ್ಕೊಂದು ದಾರಿ ಮಾಡಿಕೊಂಡೆವು. ಬೆಳಿಗ್ಗೆ ಆಕೆಯೇ ಒಂದು ಲೀಟರ್ ನೀರನ್ನು ಬಾಟಲಿಗೆ ತುಂಬಿಡುತ್ತಾಳೆ. ಚಹಾ ಕುಡಿದರೆ ಅಷ್ಟು ನೀರನ್ನು ಅದರಿಂದ ತೆಗೆದುಬಿಡುತ್ತಾಳೆ. ಲೆಕ್ಕ ಅವಳದು, ನಾನು ಕೇಳುವುದಿಲ್ಲ.

ಡಯಾಲಿಸಿಸ್‌ಗೆ ಸೂಜಿ ಚುಚ್ಚಲು ಕೈಯ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿರುತ್ತಾರೆ. ಆ ಕೈಯಲ್ಲಿ ಬಿಪಿ ನೋಡಬಾರದು, ಭಾರ ಎತ್ತಬಾರದು. ಮುಟ್ಟಿದರೆ ಒಳಗೆ ಜುಂ ಎನ್ನುವ ಮಿಡಿತ ಸಿಗಬೇಕು, ಸಿಗದಿದ್ದರೆ ತಕ್ಷಣ ಆಸ್ಪತ್ರೆಗೆ ತಿಳಿಸಬೇಕು. ದಿನಾ ಬೆಳಿಗ್ಗೆ ನಾನು ಆ ಕೈ ಹಿಡಿದು ನೋಡುತ್ತೇನೆ. ಹಿಡಿದ ಕೈ ಬಿಡದೆಯೇ ನಮ್ಮ ಪ್ರಾರ್ಥನೆಯೂ ನಡೆಯುತ್ತದೆ.

ರೋಗಿ ಮತ್ತು ಆರೈಕೆದಾರ ಆದ ಮೇಲೂ

ಮನೆಯ ಹಣದ ಲೆಕ್ಕ, ಮಗಳ ಕಾಲೇಜಿನ ವಿಷಯ ಇಂದಿಗೂ ನನ್ನ ಹೆಂಡತಿಯದೇ ತೀರ್ಮಾನ. ಕೈಲಾಗುವ ಕೆಲಸವನ್ನು ಕರುಣೆಯಿಂದ ಕಿತ್ತುಕೊಂಡರೆ ರೋಗಿಗೆ ರೋಗದ ಹೊರತು ಬೇರೇನೂ ಉಳಿಯುವುದಿಲ್ಲ. ಸಿಟ್ಟು ಬಂದ ದಿನ ಇಬ್ಬರೂ ಹೇಳಿಕೊಳ್ಳುತ್ತೇವೆ. ಕೀರ್ತನೆಗಳ ಪುಸ್ತಕದಲ್ಲೇ ದೇವರ ಮುಂದೆ ದೂರುವ ಪ್ರಾರ್ಥನೆಗಳು ಎಷ್ಟೋ ಇವೆ. ಡಯಾಲಿಸಿಸ್ ರೋಗಿಗಳಲ್ಲಿ ದೈಹಿಕ ಬಯಕೆ ಕುಗ್ಗುವುದು, ಮನಸ್ಸು ಕುಸಿಯುವುದು ಸಾಮಾನ್ಯ. ಸಂಕೋಚಪಟ್ಟು ಮುಚ್ಚಿಡುವುದಕ್ಕಿಂತ ವೈದ್ಯರಲ್ಲಿ ಕೇಳುವುದು ಒಳ್ಳೆಯದು.

ವಿಶ್ವಾಸ ಕಡಿಮೆಯಾದ್ದರಿಂದ ಗುಣವಾಗಿಲ್ಲ ಎನ್ನುವವರೂ ಮನೆಗೆ ಬರುತ್ತಾರೆ. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ಯಾರ ಪಾಪದ ಫಲವಿದು ಎಂದು ಕೇಳುತ್ತಾರೆ. ಅವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎಂಬುದೇ ಯೇಸುವಿನ ಉತ್ತರ. ನಮಗೆ ಅಷ್ಟು ಸಾಕು.

ಕಿಡ್ನಿ ಕೊಡಲಿಲ್ಲವೇಕೆ ಎಂದೂ ಕೇಳುತ್ತಾರೆ. 1994ರ ಅಂಗಾಂಗ ಕಸಿ ಕಾಯ್ದೆಯಂತೆ ಗಂಡ ಹೆಂಡತಿ ಹತ್ತಿರದ ಸಂಬಂಧಿಗಳೇ. ರಕ್ತದ ಗುಂಪು ಹೊಂದದಿದ್ದರೆ ಇನ್ನೊಂದು ಕುಟುಂಬದೊಡನೆ ಅದಲು ಬದಲು ಮಾಡಿಕೊಳ್ಳಲು 2011ರ ತಿದ್ದುಪಡಿಯಲ್ಲಿ ಅವಕಾಶವಿದೆ. ನನಗೆ ಸಕ್ಕರೆ ಕಾಯಿಲೆ ಇರುವುದರಿಂದ ವೈದ್ಯರು ಒಪ್ಪಲಿಲ್ಲ. ಕಿಡ್ನಿ ಕೊಡುವುದು ದೊಡ್ಡ ದಾನ, ಆದರೆ ಪ್ರೀತಿಯನ್ನು ಅಳೆಯುವ ಕೋಲಾಗಬಾರದು. ಈಗ ಮುಂಬೈ ವಲಯ ಕಸಿ ಸಮನ್ವಯ ಕೇಂದ್ರದ ಕಾಯುವ ಪಟ್ಟಿಯಲ್ಲಿ ಆಕೆಯ ಹೆಸರಿದೆ.

ಹಣದ ಚಿಂತೆ

ಮನೆಯಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಹಣದಿಂದ. ಸರಕಾರಿ ನೆರವು ಮೊದಲು ನೋಡಿ. ಮಹಾರಾಷ್ಟ್ರದ ಮಹಾತ್ಮ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಡಯಾಲಿಸಿಸ್ ಸೇರಿದೆ. ರಾಜ್ಯದ ಚಾರಿಟೆಬಲ್ ಟ್ರಸ್ಟ್ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನೂ ಶೇ. 10ರಷ್ಟನ್ನು ಆರ್ಥಿಕವಾಗಿ ದುರ್ಬಲರಿಗೆ ರಿಯಾಯಿತಿಯಲ್ಲಿ ಮೀಸಲಿಡಬೇಕು. ರೇಶನ್ ಕಾರ್ಡ್, ಆದಾಯ ಪ್ರಮಾಣಪತ್ರ ಹಿಡಿದು ಆಸ್ಪತ್ರೆಯ ಸಮಾಜಸೇವಾ ವಿಭಾಗಕ್ಕೆ ಹೋಗಿ ವಿಚಾರಿಸಿ. ಆದರೂ ರಕ್ತ ಹೆಚ್ಚಿಸುವ ಇಂಜೆಕ್ಷನ್, ಪರೀಕ್ಷೆಗಳು, ಟ್ಯಾಕ್ಸಿ, ಕೆಲಸಕ್ಕೆ ಹಾಕಿದ ರಜೆ ಇವೆಲ್ಲ ಕೈಯಿಂದಲೇ. ನಮ್ಮ ನಿಧಿ ಆ ಕಂದರಕ್ಕೆ ಮಣ್ಣು ತುಂಬುತ್ತಿದೆ.

ನೀವು ಮಾಡಬಹುದಾದದ್ದು

ಒಮ್ಮೆ ದೊಡ್ಡ ಮೊತ್ತ ಕೊಟ್ಟರೂ ಸಂತೋಷವೇ. ಆದರೆ ತಿಂಗಳು ತಿಂಗಳು ಬರುವ ಸಣ್ಣ ಮೊತ್ತ ಇಂಥ ರೋಗಕ್ಕೆ ಹೆಚ್ಚು ಹೊಂದುತ್ತದೆ. ರೋಗವೂ ತಿಂಗಳು ತಿಂಗಳು ಬರುವಂಥದ್ದೇ.

ಹಣವಿಲ್ಲದವರು ನಾಲ್ಕು ಗಂಟೆ ಕೊಡಿ. ನಮ್ಮ ಸಭೆಯ ಒಬ್ಬ ಅಕ್ಕ, ಸಂಘದ ಒಬ್ಬ ಹಿರಿಯರು ತಿಂಗಳಿಗೊಂದು ಸಲ ಆಸ್ಪತ್ರೆಗೆ ನನ್ನ ಬದಲು ಹೋಗುತ್ತಾರೆ. ಆ ಹೊತ್ತಿನಲ್ಲಿ ನನ್ನ ಸಕ್ಕರೆ, ಬಿಪಿ ತೋರಿಸಿಕೊಂಡು ಬಂದು ನಿದ್ದೆ ಮಾಡುತ್ತೇನೆ. ಸಂಜೆ ಆಕೆಯೊಡನೆ ಗಂಡನಾಗಿ ಕೂತು ಮಾತಾಡಲು ನನ್ನಲ್ಲಿ ಶಕ್ತಿ ಉಳಿದಿರುತ್ತದೆ. ಇದು ಯಾವ ಬಿಲ್ಲಿನಲ್ಲೂ ಕಾಣದ ನೆರವು.

ನೋಡಲು ಬರುವ ಮುನ್ನ ಫೋನ್ ಮಾಡಿ. ಕಿಡ್ನಿ ರೋಗಿಗೆ ಎಳನೀರು, ಬಾಳೆಹಣ್ಣು, ಮೋಸಂಬಿ ತರಬೇಡಿ, ಅವುಗಳಲ್ಲಿ ಪೊಟ್ಯಾಷಿಯಂ ಹೆಚ್ಚು. ಏನು ತರಲಿ ಎಂದು ಕೇಳಿಯೇ ತನ್ನಿ.

ಗಲಾತ್ಯದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ಒಬ್ಬರ ಭಾರವನ್ನು ಒಬ್ಬರು ಹೊರಬೇಕು ಎಂಬ ಮಾತೂ ಇದೆ, ಪ್ರತಿಯೊಬ್ಬನೂ ತನ್ನ ಹೊರೆ ತಾನೇ ಹೊರಬೇಕು ಎಂಬ ಮಾತೂ ಇದೆ. ನಮ್ಮ ಪಾಲಿನ ಹೊರೆ ನಾವು ಹೊರುತ್ತಿದ್ದೇವೆ. ಅದಕ್ಕೂ ಮೀರಿದ್ದನ್ನು ನೀವು ಹೊತ್ತಿದ್ದೀರಿ. ನಿಧಿಯ ಪಟ್ಟಿಯಲ್ಲಿರುವ ಇತರ ಮನೆಗಳಿಗೂ ನಿಮ್ಮ ಕೈ ಹೀಗೆಯೇ ಚಾಚಲಿ ಎಂದು ವಿನಂತಿ.

ನಿಮ್ಮವ,
ಸಂಘದ ಒಬ್ಬ ಸದಸ್ಯ