ಮಾರಿದ ಷೇರನ್ನು ಕೊಂಡವರಾರು?

ಅನ್ಯಾಯದಿಂದ ಲಾಭ ಪಡೆಯುವ ಉದ್ಯಮದಲ್ಲಿ ಹಣ ತೊಡಗಿಸಬಾರದೆಂಬ ನಿಯಮ ಉದಾತ್ತವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಣವನ್ನು ಹಿಂತೆಗೆದ ಮೇಲೆ ಆ ಉದ್ಯಮದ ಒಡೆತನ ಯಾರ ಕೈ ಸೇರುತ್ತದೆಂಬುದನ್ನೂ ವಿಚಾರಿಸಬೇಕಾಗುತ್ತದೆ. ದಕ್ಷಿಣ ಆಫ್ರಿಕದ ನಿದರ್ಶನವನ್ನು ನಾವಿಲ್ಲಿ ಈ ದೃಷ್ಟಿಯಿಂದ ಪರಿಶೀಲಿಸುತ್ತೇವೆ.

ಅಲ್ಲಿನ ಸಂಪತ್ತಿನ ಅಸಮಾನತೆ ಬರಿಯ ಮಾರುಕಟ್ಟೆಯ ಫಲವಲ್ಲ. ಶಾಸನವೇ ಅದನ್ನು ಕಟ್ಟಿತು. 1913ರ ಭೂ ಕಾಯಿದೆ ಬಹುಸಂಖ್ಯಾತರಾದ ಕಪ್ಪು ಜನರಿಗೆ ದೇಶದ ನೆಲದಲ್ಲಿ ನೂರಕ್ಕೆ ಸುಮಾರು 7 ಪಾಲನ್ನು ಮಾತ್ರ ಉಳಿಸಿತು. ನೆಲವಿಲ್ಲದವನಿಗೆ ಗಣಿಯ ಕೂಲಿಯಲ್ಲದೆ ಗತ್ಯಂತರವಿರಲಿಲ್ಲ. ಆ ಅಗ್ಗದ ದುಡಿಮೆಯ ಲಾಭಾಂಶ ಲಂಡನ್ ನ್ಯೂಯಾರ್ಕುಗಳ ಷೇರುದಾರರಿಗೂ ತಲುಪುತ್ತಿತ್ತು.

ಜನರಲ್ ಮೋಟಾರ್ಸ್ ಕಂಪನಿಯ ನಿರ್ದೇಶಕರಲ್ಲೊಬ್ಬರಾಗಿದ್ದ ಪಾದ್ರಿ ಲಿಯಾನ್ ಸಲಿವನ್ನರು 1977ರಲ್ಲಿ ಅಲ್ಲಿನ ಅಮೆರಿಕನ್ ಕಂಪನಿಗಳಿಗಾಗಿ ಕೆಲವು ಸೂತ್ರಗಳನ್ನು ರಚಿಸಿದರು: ಸಮಾನ ಕೆಲಸಕ್ಕೆ ಸಮಾನ ವೇತನ, ಭೇದವಿಲ್ಲದ ಊಟದ ಕೋಣೆ ಇತ್ಯಾದಿ. ಹತ್ತು ವರ್ಷಗಳ ಬಳಿಕ, ಕಂಪನಿಗಳು ಅಲ್ಲಿಂದ ಹೊರಡಬೇಕೆಂದು ಅವರೇ ಕರೆಕೊಟ್ಟರು. ಈ ನಡುವೆ, 1986ರಲ್ಲಿ, ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವು 300 ಕೋಟಿ ಡಾಲರಿಗೂ ಮಿಕ್ಕ ಹೂಡಿಕೆಯನ್ನು ಹಿಂತೆಗೆಯಲು ನಿರ್ಣಯಿಸಿತ್ತು.

ಷೇರು ಮಾರಾಟದಿಂದ ಕಂಪನಿಯ ಬೊಕ್ಕಸದ ಒಂದು ಕಾಸೂ ಕದಲುವುದಿಲ್ಲ. ಮಾರಿದವನ ಸ್ಥಾನಕ್ಕೆ ಕೊಂಡವನು ಬರುತ್ತಾನೆ, ಅಷ್ಟೆ. ಬಹುಮಂದಿ ಕೊಳ್ಳಲು ನಿರಾಕರಿಸಿದರೆ ಬೆಲೆ ಕುಸಿದು ಹೊಸ ಬಂಡವಾಳ ದುಬಾರಿಯಾದೀತು. ಆದರೆ ಈ ಬಹಿಷ್ಕಾರದಿಂದ ಷೇರುಗಳ ಬೆಲೆಯ ಮೇಲೆ ಗಣನೀಯ ಪರಿಣಾಮ ಕಾಣಲಿಲ್ಲವೆಂದು 1999ರಲ್ಲಿ ಪ್ರಕಟವಾದ ಟಿಯೊ, ವೆಲ್ಚ್, ವಜ್ಜಾನರ ಅಧ್ಯಯನ ತಿಳಿಸುತ್ತದೆ. ಸಾಲದ ಸಂಗತಿ ಬೇರೆ. 1985ರಲ್ಲಿ ಚೇಸ್ ಮ್ಯಾನ್‌ಹಟನ್ ಬ್ಯಾಂಕು ಅಲ್ಪಾವಧಿ ಸಾಲಗಳನ್ನು ನವೀಕರಿಸಲು ಒಪ್ಪಲಿಲ್ಲ. ಇತರ ಬ್ಯಾಂಕುಗಳೂ ಅದನ್ನೇ ಅನುಸರಿಸಿದವು. ರ್‍ಯಾಂಡ್ ನಾಣ್ಯ ಕುಸಿದು, ಸೆಪ್ಟೆಂಬರಿನಲ್ಲಿ ಸರ್ಕಾರವೇ ವಿದೇಶೀ ಸಾಲದ ಅಸಲು ತೀರಿಕೆಯನ್ನು ತಡೆಹಿಡಿಯಬೇಕಾಯಿತು. ಬ್ಯಾಂಕುಗಳನ್ನು ಕದಲಿಸಿದ್ದು ಧರ್ಮಬುದ್ಧಿಗಿಂತ ಹೆಚ್ಚಾಗಿ ನಷ್ಟದ ಭಯವೆಂದೇ ನಾವು ಭಾವಿಸುತ್ತೇವೆ. ಆ ಭಯವನ್ನು ಹುಟ್ಟಿಸಿದವರು ಬೀದಿಗಿಳಿದ ಕಪ್ಪು ಬಡಾವಣೆಗಳ ಜನ, ಷೇರುದಾರರಲ್ಲ.

ಇನ್ನು ಒಡೆತನದ ಮಾತು. ಬ್ರಿಟನ್ನಿನ ವಿದ್ಯಾರ್ಥಿಗಳು ವರ್ಷಗಳ ಕಾಲ ಬಾರ್ಕ್ಲೇಸ್ ಬ್ಯಾಂಕನ್ನು ಬಹಿಷ್ಕರಿಸಿದರು. 1986ರಲ್ಲಿ ಆ ಬ್ಯಾಂಕು ದಕ್ಷಿಣ ಆಫ್ರಿಕದಲ್ಲಿದ್ದ ತನ್ನ ಪಾಲನ್ನು ಮಾರಿ ಹೊರಬಂದಿತು. ಚಳವಳಿಗೆ ಇದು ನಿಜವಾದ ಗೆಲುವು. ಆದರೆ ಕೊಂಡವರಲ್ಲಿ ಮುಖ್ಯರು ಆಂಗ್ಲೋ ಅಮೆರಿಕನ್ ಮತ್ತು ಡಿ ಬೀರ್ಸ್, ಎಂದರೆ ಚಿನ್ನ ಮತ್ತು ವಜ್ರದ ಗಣಿಗಳ ಒಡೆಯರು. ಜನರಲ್ ಮೋಟಾರ್ಸಿನ ಕಾರ್ಖಾನೆಯೂ ಸ್ಥಳೀಯ ಆಡಳಿತಗಾರರ ಪಾಲಾಯಿತು. ಗಣಿಯಲ್ಲಿ ದುಡಿದವನಿಗೆ ಕೊಳ್ಳುವ ಶಕ್ತಿಯಿರಲಿಲ್ಲ; ಅವನಿಗೆ ಕೊಡಬೇಕೆಂದು ಮಾರುವವರ ಕರಾರಿನಲ್ಲಿಯೂ ಇರಲಿಲ್ಲ.

1994ರ ಚುನಾವಣೆಯಲ್ಲಿ ಕಪ್ಪು ಜನರಿಗೆ ಮತಾಧಿಕಾರ ದೊರೆಯಿತು. ವಿಶ್ವಬ್ಯಾಂಕಿನ ಎಣಿಕೆಯಂತೆ 2014ರಲ್ಲಿ ಆ ದೇಶದ ಗಿನಿ ಸೂಚ್ಯಂಕ 63. ಅಸಮಾನತೆಯಲ್ಲಿ ಜಗತ್ತಿನ ಅಗ್ರಪಂಕ್ತಿ. ಬಾರ್ಕ್ಲೇಸ್ ಬ್ಯಾಂಕು 2005ರಲ್ಲಿ ಅಬ್ಸಾ ಎಂಬ ಬ್ಯಾಂಕಿನ ಬಹುಪಾಲನ್ನು ಕೊಂಡು ದಕ್ಷಿಣ ಆಫ್ರಿಕಕ್ಕೆ ಮರಳಿತು.