ಮಕ್ಕಳ ಮೊದಲ ಏರ್ ರೈಫಲ್: ಕೊಳ್ಳುವ ಮುನ್ನ

ಒಲಿಂಪಿಕ್ಸ್ ನೋಡಿ ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಶೂಟಿಂಗ್ ಕಲಿಯುತ್ತೇನೆಂದು ಹಟ ಹಿಡಿದಿದ್ದರೆ ಗಾಬರಿಯಾಗಬೇಡಿ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಬೆಂಗಳೂರಿನ ತಿಲೋತ್ತಮಾ ಸೇನ್ 2023ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದಾಗ ಆಕೆ ಇನ್ನೂ ಶಾಲೆಗೆ ಹೋಗುತ್ತಿದ್ದಳು.

ಅಪ್ಪ ಅಮ್ಮಂದಿರು ಮೊದಲು ಕೇಳುವುದು ಒಂದೇ: ಭುಜಕ್ಕೆ ಪೆಟ್ಟು ಬೀಳುತ್ತದೆಯೇ? ಗುಂಡು ಮುಂದಕ್ಕೆ ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಇದನ್ನೇ ರಿಕಾಯ್ಲ್ ಎನ್ನುತ್ತಾರೆ. ಗುಂಡಿನ ತೂಕ ಮತ್ತು ವೇಗ ಹೆಚ್ಚಿದಷ್ಟೂ ಒದೆತ ಹೆಚ್ಚು. ಕೋವಿಯ ತೂಕ ಹೆಚ್ಚಿದಷ್ಟೂ ಒದೆತ ಕಡಿಮೆ. ಏರ್ ರೈಫಲ್‌ನ ಪೆಲೆಟ್, ಅಂದರೆ ಸೀಸದ ಪುಟ್ಟ ಗುಂಡು, ಸುಮಾರು ಅರ್ಧ ಗ್ರಾಂ ಮಾತ್ರ ತೂಗುತ್ತದೆ. ಸ್ಪರ್ಧೆಯ ರೈಫಲ್‌ನಿಂದ ಅದು ಸೆಕೆಂಡಿಗೆ 170 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ಮದ್ದಿನ ಗುಂಡು ಹಾರಿಸುವ ಪಾಯಿಂಟ್ ಟೂಟೂ (.22) ರೈಫಲ್‌ನ ಒದೆತ ಇದರ ಸುಮಾರು ಹತ್ತು ಪಟ್ಟು. ಕೊಡಗಿನ ಕೈಲ್‌ಪೋದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಡುವ ಹನ್ನೆರಡು ಬೋರ್ ಕೋವಿಯದು ನೂರು ಪಟ್ಟಿಗೂ ಮೀರಿದ್ದು. ಹಾಗಾಗಿ ಭುಜದ ಚಿಂತೆ ಬಿಡಿ.

ಹಾಗಿದ್ದರೆ ಒದೆತದ ಮಾತೇಕೆ? ಮಗು ಹೆದರುತ್ತದೆ ಎಂಬ ಕಾರಣಕ್ಕೆ. ಒಂದು ಸಲ ಜೋರಾದ ಸದ್ದು, ಬಲವಾದ ತಳ್ಳು ಸಿಕ್ಕರೆ ಸಾಕು, ಮುಂದಿನ ಸಲ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತದೆ, ಭುಜ ಬಿಗಿಯುತ್ತದೆ. ಈ ಅಭ್ಯಾಸ ಅಂಟಿಕೊಂಡರೆ ಬಿಡಿಸಲು ತಿಂಗಳುಗಳೇ ಬೇಕು. ದೊಡ್ಡ ಕೋವಿಯಿಂದ ಶುರು ಮಾಡಿಸಿ ಮಗುವನ್ನು ಗಟ್ಟಿ ಮಾಡುತ್ತೇನೆ ಎನ್ನುವವರ ಮಾತು ದಯವಿಟ್ಟು ಕೇಳಬೇಡಿ.

ಏರ್ ರೈಫಲ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಸ್ಪ್ರಿಂಗ್ ರೈಫಲ್‌ನಲ್ಲಿ ನಳಿಗೆಯನ್ನು ಮಡಚಿದರೆ ಒಳಗಿನ ಸ್ಪ್ರಿಂಗ್ ಬಿಗಿಯುತ್ತದೆ. ಟ್ರಿಗರ್ ಒತ್ತಿದಾಗ ಸ್ಪ್ರಿಂಗ್ ಬಿಚ್ಚಿಕೊಂಡು ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ, ಅದು ಒತ್ತಿದ ಗಾಳಿ ಪೆಲೆಟ್ಟನ್ನು ಹಾರಿಸುತ್ತದೆ. ಇಲ್ಲೊಂದು ವಿಚಿತ್ರವಿದೆ. ಪಿಸ್ಟನ್ ಹೊರಟಾಗ ರೈಫಲ್ ಹಿಂದಕ್ಕೆ ಸರಿಯುತ್ತದೆ, ಪಿಸ್ಟನ್ ತುದಿಗೆ ಬಡಿದಾಗ ಮುಂದಕ್ಕೆ ಜಗ್ಗುತ್ತದೆ. ನೋವೇನಿಲ್ಲ, ಆದರೆ ಪೆಲೆಟ್ ನಳಿಗೆಯಿಂದ ಹೊರಬೀಳುವ ಮೊದಲೇ ಇದೆಲ್ಲ ಶುರುವಾಗುವುದರಿಂದ ಗುರಿ ಕದಲುತ್ತದೆ. ಎರಡನೆಯದು ಪಿಸಿಪಿ, ಅಂದರೆ ಮೊದಲೇ ಗಾಳಿ ತುಂಬಿಟ್ಟ ರೈಫಲ್. ನಳಿಗೆಯ ಕೆಳಗಿನ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿ ಇರುತ್ತದೆ. ಪ್ರತಿ ಹೊಡೆತಕ್ಕೂ ಅದರಲ್ಲಿ ಒಂದಿಷ್ಟು ಖರ್ಚಾಗುತ್ತದೆ. ಇದರಲ್ಲಿ ಒದೆತ ಇಲ್ಲವೆಂದೇ ಹೇಳಬಹುದು.

ಮಗುವಿಗೆ ಪಿಸಿಪಿ ಒಳ್ಳೆಯದು ಎನ್ನಲು ನನ್ನ ಕಾರಣ ಮಾತ್ರ ಬೇರೆ. ಸ್ಪ್ರಿಂಗ್ ರೈಫಲ್ ಮಡಚಲು ದೊಡ್ಡವರ ತೋಳಿನ ಬಲ ಬೇಕು. ಹತ್ತು ವರ್ಷದ ಮಗು ರೈಫಲ್ಲನ್ನು ತೊಡೆಗೆ ಒತ್ತಿಕೊಂಡು ಎರಡೂ ಕೈಯಲ್ಲಿ ನಳಿಗೆ ಎಳೆಯುತ್ತದೆ. ಕೈ ಜಾರಿದರೆ ನಳಿಗೆ ಚಟ್ಟನೆ ಹಿಂದಿರುಗಿ ಬೆರಳು ಜಜ್ಜಬಹುದು. ಸ್ಪ್ರಿಂಗ್ ರೈಫಲ್ಲೇ ಕೊಂಡಿರಾದರೆ ಮಡಚುವ ಕೆಲಸ ದೊಡ್ಡವರದ್ದಾಗಿರಲಿ. ಪೆಲೆಟ್ ಇಲ್ಲದೆ ಅದನ್ನು ಹಾರಿಸಲೂಬೇಡಿ, ಪಿಸ್ಟನ್ ಹಾಳಾಗುತ್ತದೆ.

ಇನ್ನು ಅಳತೆ. ಇದೇ ಎಲ್ಲಕ್ಕಿಂತ ಮುಖ್ಯ. ಮಗುವಿನ ಮೊಣಕೈ ಮಡಚಿಸಿ, ರೈಫಲ್‌ನ ಹಿಡಿಯ, ಅಂದರೆ ಭುಜಕ್ಕೆ ಆನಿಸುವ ಭಾಗದ, ಹಿಂತುದಿಯನ್ನು ಆ ಮಡಿಕೆಯಲ್ಲಿಡಿ. ತೋರುಬೆರಳಿನ ಮೊದಲ ಗೆಣ್ಣು ಎಳೆಯದೆ ಟ್ರಿಗರ್ ಮುಟ್ಟಬೇಕು. ಮುಟ್ಟದಿದ್ದರೆ ಹಿಡಿ ಉದ್ದವಾಯಿತು. ಮಗು ತಲೆ ಚಾಚಿ, ಬೆನ್ನು ಹಿಂದಕ್ಕೆ ಬಾಗಿಸಿ ನಿಲ್ಲುತ್ತದೆ. ಉದ್ದ ಹೆಚ್ಚು ಕಡಿಮೆ ಮಾಡಬಹುದಾದ ಹಿಡಿ ಇದ್ದರೆ ಮಗು ಬೆಳೆದಂತೆ ರೈಫಲ್ಲೂ ಹೊಂದಿಕೊಳ್ಳುತ್ತದೆ. ಸ್ಪರ್ಧೆಯ ರೈಫಲ್‌ಗಳು ನಾಲ್ಕು ಕಿಲೋ ಮೀರುತ್ತವೆ. ಅಂತರರಾಷ್ಟ್ರೀಯ ನಿಯಮದ ಮಿತಿ 5.5 ಕಿಲೋ. ಅಷ್ಟನ್ನು ಹೊತ್ತು ನಿಲ್ಲುವುದು ಎಳೆಯ ಬೆನ್ನಿಗೆ ಒಳ್ಳೆಯದಲ್ಲ. ಹಿಡಿದು ನಿಂತು ನಿಧಾನವಾಗಿ ಇಪ್ಪತ್ತು ಎಣಿಸುವಷ್ಟರಲ್ಲಿ ತೋಳು ನಡುಗಿದರೆ ಆ ರೈಫಲ್ ಈಗ ಬೇಡ. ಮೊದಲ ದಿನಗಳಲ್ಲಿ ಮೇಜಿನ ಮೇಲೆ ಆಸರೆ ಕೊಟ್ಟು ಕೂರಿಸಿ ಹೊಡೆಸುವುದರಲ್ಲಿ ನಾಚಿಕೆಯೇನೂ ಇಲ್ಲ. ಸ್ಪರ್ಧೆಯಲ್ಲಿ ಹತ್ತು ಅಂಕದ ಗುರಿ ಅರ್ಧ ಮಿಲಿಮೀಟರ್‌ನ ಚುಕ್ಕಿ; ಅದನ್ನು ಮುಟ್ಟಲು ಬೇಕಾದದ್ದು ಬಲವಲ್ಲ, ಅಲುಗದ ದೇಹ.

ಲೈಸೆನ್ಸ್ ಬೇಕೇ? ನಳಿಗೆಯ ಒಳ ವ್ಯಾಸ 4.5 ಮಿಲಿಮೀಟರ್, ಅಂದರೆ ಪಾಯಿಂಟ್ ಒನ್ ಸೆವೆನ್ ಸೆವೆನ್ ಇಂಚು ಮೀರದೆ, ಶಕ್ತಿ 20 ಜೂಲ್ ದಾಟದಿದ್ದರೆ ಬೇಡ. 2016ರ ಶಸ್ತ್ರಾಸ್ತ್ರ ನಿಯಮಗಳು ಹಾಕಿರುವ ಗೆರೆ ಇದು. ಮದ್ದಿನ ಬಂದೂಕು ಸ್ವಂತಕ್ಕೆ ಇಟ್ಟುಕೊಳ್ಳಲು 21 ವರ್ಷ ಆಗಿರಬೇಕು, ಲೈಸೆನ್ಸೂ ಬೇಕು. ಏರ್ ರೈಫಲ್ಲನ್ನು ನಿಮ್ಮ ಹೆಸರಿನಲ್ಲೇ, ಗುರುತಿನ ಚೀಟಿ ಕೊಟ್ಟು ಕೊಳ್ಳಿ, ಬಿಲ್ ಜೋಪಾನವಾಗಿಡಿ.

ಲೈಸೆನ್ಸ್ ಬೇಡವೆಂದ ಮಾತ್ರಕ್ಕೆ ಇದು ಆಟಿಕೆಯಲ್ಲ. ಹತ್ತಿರದಿಂದ ಬಡಿದ ಪೆಲೆಟ್ ಕಣ್ಣು ತೆಗೆಯುತ್ತದೆ, ಜೀವವನ್ನೂ ತೆಗೆಯಬಲ್ಲದು. ಮನೆಯಲ್ಲಿ ರೈಫಲ್‌ಗೆ ಒಂದು ಬೀಗ, ಪೆಲೆಟ್ ಡಬ್ಬಿಗೆ ಇನ್ನೊಂದು ಬೀಗ, ಎರಡರ ಕೀಲಿಯೂ ದೊಡ್ಡವರ ಬಳಿ. ದೊಡ್ಡವರಿಲ್ಲದೆ ಒಂದು ಹೊಡೆತವೂ ಬೇಡ. ಹೊಡೆಯುವಾಗ ಕಣ್ಣಿಗೆ ರಕ್ಷಣಾ ಕನ್ನಡಕ ಇರಲಿ. ತೋಟದ ಹಕ್ಕಿ, ಅಳಿಲುಗಳತ್ತ ಗುರಿ ಹಿಡಿಯಲೇಬಾರದು ಎಂಬುದನ್ನು ಮೊದಲ ದಿನವೇ ಹೇಳಿಕೊಡಿ. ಪೆಲೆಟ್ ಸೀಸದ್ದಾದ್ದರಿಂದ ಅಭ್ಯಾಸ ಮುಗಿದ ಕೂಡಲೇ ಸೋಪು ಹಚ್ಚಿ ಕೈ ತೊಳೆಸಿ, ಆಮೇಲೆಯೇ ತಿಂಡಿಯ ಡಬ್ಬಿ ತೆರೆಯಲಿ.

ಖರ್ಚಿನ ವಿಚಾರ. ಭಾರತದಲ್ಲೇ ತಯಾರಾಗುವ ಸ್ಪ್ರಿಂಗ್ ರೈಫಲ್‌ಗಳು ಹತ್ತು ಹದಿನೈದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತವೆ. ದೇಶೀ ಪಿಸಿಪಿಗೆ ಅದರ ಎರಡು ಮೂರು ಪಟ್ಟು ಆಗಬಹುದು. ವಾಲ್ಥರ್, ಫೈನ್‌ವೆರ್ಕ್‌ಬೌನಂಥ ಜರ್ಮನ್ ಕಂಪನಿಗಳ ಸ್ಪರ್ಧಾ ರೈಫಲ್ಲಿಗೆ ಲಕ್ಷಗಳಲ್ಲೇ ಲೆಕ್ಕ. ಆದರೆ ಮೊದಲೇ ಕೊಳ್ಳಬೇಡಿ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್ ಇದೆ, ಖಾಸಗಿ ಅಕಾಡೆಮಿಗಳೂ ಇವೆ. ಕೆಲವು ತಿಂಗಳು ಅಲ್ಲಿನ ರೈಫಲ್‌ನಲ್ಲೇ ಕಲಿಯಲಿ. ಮಗುವಿಗೆ ಆಸಕ್ತಿ ಉಳಿಯುತ್ತದೆಯೇ, ಎಷ್ಟು ಉದ್ದದ ಹಿಡಿ ಸರಿ ಎಂಬುದು ಕೋಚ್‌ಗೆ ಅಷ್ಟರಲ್ಲಿ ಗೊತ್ತಾಗಿರುತ್ತದೆ.

ದೊಡ್ಡ ಮಕ್ಕಳು ಮಾರುವ ಹಳೆಯ ರೈಫಲ್‌ಗಳ ಸುದ್ದಿಯೂ ಅಲ್ಲೇ ಸಿಗುತ್ತದೆ. ಪಿಸಿಪಿ ಹಳೆಯದನ್ನು ಕೊಳ್ಳುವಾಗ ಸಿಲಿಂಡರಿನ ಮೇಲೆ ಕೊರೆದಿರುವ ತಯಾರಿಕೆಯ ದಿನಾಂಕ ಓದಿ. ಇಂಥ ಸಿಲಿಂಡರಿಗೆ ಸಾಮಾನ್ಯವಾಗಿ ಹತ್ತು ವರ್ಷ ಆಯಸ್ಸು. ಅವಧಿ ಮುಗಿದಿದ್ದರೆ ಹೊಸ ಸಿಲಿಂಡರಿನ ಬೆಲೆಯನ್ನು ಕಳೆದು ಚೌಕಾಸಿ ಮಾಡಿ, ಹಳೆಯದಕ್ಕೆ ಗಾಳಿ ತುಂಬಿಸಲೇಬೇಡಿ.